ಪ್ರಾಜೆಕ್ಟ್ ಟೀಮ್‌ನಲ್ಲಿ ಯಾವುದು ಯಾರ ತಲೆಗೆ?

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ನಾಲ್ಕು ಜನ ಸೇರಿದ ಕೂಡಲೇ ಶುರು: ನೀನು ಫ್ರಂಟ್‌ಎಂಡ್ (ಕಣ್ಣಿಗೆ ಕಾಣುವ ಸ್ಕ್ರೀನ್), ನೀನು ಬ್ಯಾಕ್‌ಎಂಡ್ (ಹಿಂದೆ ಸರ್ವರ್‌ನಲ್ಲಿ ನಡೆಯುವ ಕೆಲಸ), ನೀನು ಡೇಟಾಬೇಸ್, ಉಳಿದವರು ಟೆಸ್ಟಿಂಗ್. ಕೋಡ್ ಹಂಚಿಕೊಂಡಿರಿ, ಸರಿ. ಆದರೆ ತೀರ್ಮಾನ ಯಾರದು?

ಬಿಟಿಎಂ ಲೇಔಟ್‌ನ ಒಂದು ಪಿಜಿಗೆ ಆ್ಯಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ನಾಳೆ ತಿಂಡಿ ಬೇಕೋ ಬೇಡವೋ ಅಂತ ಹುಡುಗರು ರಾತ್ರಿಯೇ ಒತ್ತಬೇಕು, ಬೆಳಿಗ್ಗೆ ಅಡುಗೆಯವರಿಗೆ ಲೆಕ್ಕ ಸಿಗಬೇಕು. ಎಷ್ಟು ಗಂಟೆವರೆಗೆ ಒತ್ತಬಹುದು? ಸ್ಕ್ರೀನ್ ಮಾಡಿದವರು 10 ಅಂತ ಹಾಕಿದ್ದಾರೆ, ಸರ್ವರ್ ಬರೆದವರು 9ಕ್ಕೇ ಲೆಕ್ಕ ಮುಗಿಸಿದ್ದಾರೆ. ಒಂಬತ್ತೂವರೆಗೆ ಒತ್ತಿದವನಿಗೆ ‘ಆಯ್ತು’ ಅಂತ ಕಾಣಿಸುತ್ತದೆ, ಬೆಳಿಗ್ಗೆ ಇಡ್ಲಿ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಕಡೆ ಕೋಡ್ ಸರಿಯಾಗೇ ಇದೆ. ‘ಆಂಟಿ, ಲೆಕ್ಕ ನಿಮಗೆ ಎಷ್ಟೊತ್ತಿಗೆ ಬೇಕು?’ ಅಂತ ಓನರ್‌ನ ಕೇಳಿ, ಒಂದು ಉತ್ತರ ತಂದು, ಎಲ್ಲರಿಗೂ ಹೇಳುವ ಕೆಲಸವನ್ನು ಯಾರಿಗೂ ಕೊಟ್ಟಿರಲಿಲ್ಲ, ಅಷ್ಟೇ.

ಸ್ಕ್ರಮ್ ಅಂದರೆ ಕೆಲಸವನ್ನು ಸಣ್ಣ ಸಣ್ಣ ಅವಧಿಗಳಲ್ಲಿ ಮಾಡಿ ಮುಗಿಸುವ ಒಂದು ಟೀಮ್ ಪದ್ಧತಿ. ಅದರಲ್ಲಿ ಇದು ಪ್ರಾಡಕ್ಟ್ ಓನರ್ (ಪಿಜಿ ಓನರ್ ಅಲ್ಲ, ಟೀಮಿನೊಳಗಿನವರೇ) ಕೆಲಸ. 2020ರ ಸ್ಕ್ರಮ್ ಗೈಡ್ ಪ್ರಕಾರ ಅದು ಒಬ್ಬ ವ್ಯಕ್ತಿ, ಕಮಿಟಿ ಅಲ್ಲ. ಉಳಿದಂತೆ ಸ್ಕ್ರಮ್ ಮಾಸ್ಟರ್ ಮತ್ತು ಡೆವಲಪರ್ಸ್, ಎಲ್ಲ ಸೇರಿ ಸಾಮಾನ್ಯವಾಗಿ 10 ಜನ ಅಥವಾ ಇನ್ನೂ ಕಡಿಮೆ. ಸ್ಕ್ರಮ್ ಮಾಸ್ಟರ್ ಬಾಸ್ ಅಲ್ಲ, ಈ ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವರು. ಯಾವ ಕೆಲಸ ಯಾರು ಮಾಡಬೇಕು ಅಂತ ಟೀಮಿನವರೇ ಮಾತಾಡಿಕೊಳ್ಳಬೇಕು. (ಇಲ್ಲಿ ಎಷ್ಟೋ ಆಫೀಸುಗಳಲ್ಲಿ ಸ್ಕ್ರಮ್ ಮಾಸ್ಟರ್ ಬೆಳಿಗ್ಗೆ ಹಾಜರಿ ತಗೊಳ್ಳೋ ಮೇಷ್ಟ್ರಾಗಿಬಿಟ್ಟಿರುತ್ತಾರೆ, ಆ ಮಾತು ಬೇರೆ.) ಟೆಸ್ಟರ್ ಅಂತ ಪ್ರತ್ಯೇಕ ಹೆಸರಿಲ್ಲ, ಅವರೂ ಡೆವಲಪರ್ಸ್ ಒಳಗೇ ಬರುತ್ತಾರೆ.

ಹಾಗಂತ ಬರೆದವರೇ ಟೆಸ್ಟ್ ಮಾಡಿ ಮುಗಿಸಿದರೆ ಪ್ರಯೋಜನ ಕಡಿಮೆ. ತನ್ನ ಫಾರ್ಮ್‌ನಲ್ಲಿ ಫೋನ್ ನಂಬರ್ ಜಾಗಕ್ಕೆ ಯಾರೂ ಹೆಸರು ಟೈಪ್ ಮಾಡಿ ನೋಡುವುದಿಲ್ಲ, ಪಕ್ಕದವರು ಮಾಡುತ್ತಾರೆ. ಟೆಸ್ಟಿಂಗ್ ಅಷ್ಟೇ ಅಲ್ಲ, ಬೇರೆ ಕೆಲಸಗಳನ್ನೂ ಆಗಾಗ ಅದಲು ಬದಲು ಮಾಡಿಕೊಳ್ಳಿ. ಇದರಲ್ಲಿ ಇನ್ನೊಂದು ಲಾಭವೂ ಇದೆ: ಡಿಪ್ಲಾಯ್ ಮಾಡೋದು (ಆ್ಯಪನ್ನು ಸರ್ವರ್‌ಗೆ ಹಾಕಿ ಓಡಿಸೋದು) ಒಬ್ಬರಿಗೇ ಗೊತ್ತಿದ್ದು, ಅವರು ಗೌರಿ ಹಬ್ಬಕ್ಕೆ ಊರಿಗೆ ಹೋದಾಗಲೇ ಸರ್ವರ್ ಬಿದ್ದರೆ ಉಳಿದವರು ಸುಮ್ನೆ ಕೂರಬೇಕಾಗುವುದಿಲ್ಲ.

ಕೆಲಸ ಹಿಂದೆ ಬಿತ್ತು ಅಂತ ಕೊನೆಗೆ ಜನ ಸೇರಿಸಬೇಡಿ. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಅಂತ ಅಮೆರಿಕದ ಕಂಪ್ಯೂಟರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಕಾರಣ ಸಿಂಪಲ್: ಹೊಸಬರಿಗೆ ಹಳಬರೇ ಕೂತು ಹೇಳಿಕೊಡಬೇಕು. ಜೊತೆಗೆ, ನಾಲ್ವರ ನಡುವೆ 6 ಜೋಡಿ ಮಾತುಕತೆ, ಎಂಟಾದರೆ 28.

ಇನ್ನು ರಿಪೋರ್ಟ್. ಅದನ್ನು ಒಬ್ಬರ ತಲೆಗೆ ಕಟ್ಟಬೇಡಿ, ಅವರವರ ಭಾಗ ಅವರವರೇ ಬರೆಯಲಿ, ಇನ್ನೊಬ್ಬರು ಓದಲಿ. ವೈವಾದಲ್ಲಿ ಡೇಟಾಬೇಸ್ ಪ್ರಶ್ನೆ ಫ್ರಂಟ್‌ಎಂಡ್ ಮಾಡಿದವರಿಗೇ ಬರಬಹುದು, ಅಲ್ವಾ?