ಪಾಲಿನ್ ಜಾನ್ಸನ್: ಓದುವಾಗ ನಾನು ಎಡವಿದ ಜಾಗಗಳು

ಕೆನಡಾ ಸಾಹಿತ್ಯದ ಪೇಪರ್‌ಗೆ ಕವಯಿತ್ರಿ, ಕಥೆಗಾರ್ತಿ ಪಾಲಿನ್ ಜಾನ್ಸನ್ ಓದಿ ಮುಗಿಸಿ ಎರಡು ದಿನ ಆಯಿತು. ತಲೆಯಿಂದ ಜಾರಿ ಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ನಿಮ್ಮ ಸಿಲಬಸ್‌ನಲ್ಲೂ ಈಕೆ ಇದ್ದರೆ, ನಾನು ಬಿದ್ದ ಗುಂಡಿಗೇ ನೀವೂ ಬೀಳುವುದು ಬೇಡ.

ಈ ಪುಸ್ತಕಗಳಲ್ಲಿ 'ಇಂಡಿಯನ್' ಅಂದರೆ ನಾವಲ್ಲ, ಉತ್ತರ ಅಮೆರಿಕದ ಮೂಲನಿವಾಸಿಗಳು. ಗೊತ್ತಿದ್ದದ್ದೇ. ಆದರೂ 'ಎ ಕ್ರೈ ಫ್ರಮ್ ಆ್ಯನ್ ಇಂಡಿಯನ್ ವೈಫ್' ಅನ್ನುವ ಹೆಸರು ನೋಡಿದಾಗ ಅರೆಕ್ಷಣ ನನ್ನ ಕಣ್ಣಿಗೆ ಸೀರೆ ಉಟ್ಟ ಹೆಂಗಸೇ ಬಂದಳು.

ಯಾರೀಕೆ?

ಹುಟ್ಟಿದ್ದು 1861ರ ಮಾರ್ಚ್ 10. ಊರು ಒಂಟಾರಿಯೋದ ಬ್ರ್ಯಾಂಟ್‌ಫರ್ಡ್ ಹತ್ತಿರ, ಗ್ರ್ಯಾಂಡ್ ನದಿ ದಂಡೆಯ ಸಿಕ್ಸ್ ನೇಷನ್ಸ್ (ಆರು ಮೂಲನಿವಾಸಿ ಜನಾಂಗಗಳ) ಮೀಸಲು ಪ್ರದೇಶ. ಅಪ್ಪ ಜಾರ್ಜ್ ಜಾನ್ಸನ್, ಆ ಆರರಲ್ಲಿ ಒಂದಾದ ಮೊಹಾಕ್ ಜನಾಂಗದ ಮುಖ್ಯಸ್ಥ, ಸರ್ಕಾರಕ್ಕೆ ದುಭಾಷಿ. ಅಮ್ಮ ಎಮಿಲಿ ಹೊವೆಲ್ಸ್, ಇಂಗ್ಲೆಂಡಿನ ಬ್ರಿಸ್ಟಲ್‌ನವಳು. ಅವರ ಮನೆ ಚೀಫ್ಸ್‌ವುಡ್‌ಗೆ ಒಂದೇ ತರಹದ ಎರಡು ಮುಂಬಾಗಿಲು. ಒಂದು ನದಿಯ ಕಡೆಗೆ, ಒಂದು ರಸ್ತೆಯ ಕಡೆಗೆ. ಉತ್ತರ ಪತ್ರಿಕೆಯಲ್ಲಿ ಎಲ್ಲರೂ ಈ ಬಾಗಿಲುಗಳು ಎರಡು ಸಂಸ್ಕೃತಿಗಳ ಗುರುತು ಅಂತ ಬರೆಯುತ್ತಾರೆ. ನೀವೂ ಬರೆಯಿರಿ, ಆದರೆ ಅಲ್ಲೇ ನಿಂತುಬಿಡಬೇಡಿ.

1884ರಲ್ಲಿ ಅಪ್ಪ ತೀರಿಕೊಂಡ ಮೇಲೆ ಆ ಮನೆ ಬಿಟ್ಟು ಬ್ರ್ಯಾಂಟ್‌ಫರ್ಡ್‌ನಲ್ಲಿ ಬಾಡಿಗೆ ಮನೆ. ಹೊಟ್ಟೆಪಾಡಿಗೆ ಬರವಣಿಗೆ, 1892ರಿಂದ ವೇದಿಕೆಯಲ್ಲಿ ತನ್ನ ಕವಿತೆಗಳ ವಾಚನ. ಮುತ್ತಜ್ಜನ ಮೊಹಾಕ್ ಹೆಸರು ತೆಕಾಹಿಯೋನ್ವಾಕೆ ಅನ್ನುವುದನ್ನು ತನ್ನ ಹೆಸರಿನ ಜೊತೆ ಸೇರಿಸಿಕೊಂಡಳು. 1909ರಲ್ಲಿ ಪಶ್ಚಿಮ ತೀರದ ವ್ಯಾಂಕೂವರ್‌ನಲ್ಲಿ ನೆಲೆಸಿ, 1913ರ ಮಾರ್ಚ್ 7ರಂದು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ಜೀವನ ಚರಿತ್ರೆ ಇಷ್ಟು ಸಾಕು.

ಹಾಗಾದರೆ ಆಕೆ ಮೊಹಾಕ್ ಹೌದೋ ಅಲ್ಲವೋ?

ನಾನು ಒದ್ದಾಡಿದ್ದೆಲ್ಲ ಇಲ್ಲಿ. ಒಂದು ಕಡೆ ಆಕೆ ಕಾನೂನಿನ ಪ್ರಕಾರ 'ಇಂಡಿಯನ್' ಅಂತ ಇತ್ತು. ಇನ್ನೊಂದು ಕಡೆ ಆಕೆಗೆ ಮೊಹಾಕ್ ಕುಲವೇ ಇರಲಿಲ್ಲ ಅಂತ ಇತ್ತು. ಯಾವುದೋ ಒಂದು ತಪ್ಪು ಅಂದುಕೊಂಡು ವಾರಗಟ್ಟಲೆ ಹುಡುಕಿದೆ. ಕೊನೆಗೆ ನೋಡಿದರೆ ಎರಡೂ ಸರಿ!

ಬಿಡಿಸಿ ಹೇಳುತ್ತೇನೆ. ಮೊಹಾಕ್ ಜನರಲ್ಲಿ ಕುಲ ಬರುವುದು ತಾಯಿಯಿಂದ. ಅಪ್ಪ ಎಷ್ಟು ದೊಡ್ಡ ಮುಖ್ಯಸ್ಥನಾದರೂ ತನ್ನ ಮಕ್ಕಳಿಗೆ ಕುಲ ಕೊಡಲಾರ. ಪಾಲಿನ್‌ಳ ಅಮ್ಮ ಇಂಗ್ಲಿಷ್ ಹೆಂಗಸು, ಆದ್ದರಿಂದ ಮಕ್ಕಳಿಗೆ ಕುಲ ಇಲ್ಲ. ಈಗ ಕೆನಡಾ ಸರ್ಕಾರದ ಕಡೆ ಬನ್ನಿ. 1876ರ ಇಂಡಿಯನ್ ಆ್ಯಕ್ಟ್ ಲೆಕ್ಕ ಹಾಕುವುದು ಗಂಡಸಿನಿಂದ. ಅಪ್ಪ ಇಂಡಿಯನ್ ಆದರೆ ಮಕ್ಕಳೂ ಇಂಡಿಯನ್. ಅವನನ್ನು ಮದುವೆಯಾದ ಬಿಳಿ ಹೆಂಡತಿಯೂ ಇಂಡಿಯನ್! ಅದೇ ಒಬ್ಬ ಮೂಲನಿವಾಸಿ ಹೆಂಗಸು ಹೊರಗಿನವನನ್ನು ಮದುವೆಯಾದರೆ ಅವಳ ಸ್ಥಾನಮಾನವೇ ಹೋಯಿತು. ಈ ನಿಯಮ ಬದಲಾದದ್ದು 1985ರಲ್ಲಿ.

ಅಂದರೆ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಎಮಿಲಿ ಸರ್ಕಾರಿ ಕಾಗದದಲ್ಲಿ ಇಂಡಿಯನ್. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮೊಹಾಕರ ಕಟ್ಟಳೆಯಲ್ಲಿ ಕುಲ ಇಲ್ಲದವಳು. ಈ ಎರಡು ವಾಕ್ಯ ಒಟ್ಟಿಗೆ ತಲೆಗೆ ಹೋಗುವವರೆಗೆ ಮುಂದೆ ಓದಬೇಡಿ.

ನನಗೆ ಇದು ಹೊಳೆದದ್ದು ಉಡುಪಿ ಕಡೆಯ ರೂಮ್‌ಮೇಟ್‌ನಿಂದ. 'ಇದು ನಮ್ಮ ಅಳಿಯಸಂತಾನದ ಹಾಗೇ ಅಲ್ವಾ?' ಅಂದಳು. ತುಳುನಾಡಿನ ಬಂಟರಲ್ಲಿ 'ಬರಿ' (ಅಂದರೆ ಕುಲ) ತಾಯಿಯಿಂದ ಬರುತ್ತದೆ, ಹಿಂದೆ ಹಕ್ಕು ಸೋದರಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಜಾರ್ಜ್ ಜಾನ್ಸನ್‌ನ ಕಥೆ ನೋಡಿ: ಮುಖ್ಯಸ್ಥನ ಪಟ್ಟ ಅವನಿಗೆ ಬಂದದ್ದು ಅಪ್ಪನಿಂದ ಅಲ್ಲ, ತಾಯಿ ಹೆಲೆನ್ ಮಾರ್ಟಿನ್ ಕಡೆಯಿಂದ, ಸೋದರಮಾವನ ನಂತರ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಮೊಹಾಕರಲ್ಲಿ ಪಟ್ಟ ತಾನಾಗಿ ಅಳಿಯನಿಗೆ ಇಳಿಯುವುದಿಲ್ಲ. ಕುಲದ ಹಿರಿಯ ತಾಯಿ ಆರಿಸಬೇಕು, ಆ ಹಿರಿಯ ತಾಯಿ ಹೆಲೆನ್ ಆಗಿದ್ದಳು. ಮಗ ಬಿಳಿ ಹುಡುಗಿಯನ್ನು ಮದುವೆಯಾಗುತ್ತೇನೆ ಅಂದಾಗ ಅವಳು ಯಾಕೆ ಅಷ್ಟು ಸಿಟ್ಟಾದಳು ಅಂತ ಈಗ ಅರ್ಥ ಆಗುತ್ತದೆ. ಸುಮ್ನೆ ಅತ್ತೆಯ ಜಂಬ ಅಂದುಕೊಂಡಿದ್ದೆ ನಾನು.

ಇನ್ನೂ ತಮಾಷೆ ಇದೆ. ಹೆಲೆನ್‌ಳ ತಾಯಿಯೇ ಹುಟ್ಟಿನಿಂದ ಬಿಳಿಯಳು. ಚಿಕ್ಕಂದಿನಲ್ಲಿ ಸೆರೆಸಿಕ್ಕಿ, ಮೊಹಾಕ್ ಕುಟುಂಬ ದತ್ತು ತೆಗೆದುಕೊಂಡ ಹುಡುಗಿ. ದತ್ತು ಆದ್ದರಿಂದ ಕುಲ ಸಿಕ್ಕಿತು, ಅವಳ ಮಕ್ಕಳಿಗೂ ಬಂತು. ಅಂದರೆ ರಕ್ತದ ಪ್ರಶ್ನೆಯೇ ಅಲ್ಲ ಇದು. 'ಅರ್ಧ ಮೊಹಾಕ್' ಅಂತ ನಾವು ಸಲೀಸಾಗಿ ಬರೆಯುವ ಲೆಕ್ಕ ಆ ಊರಿನದ್ದಲ್ಲ.

ನನ್ನ ಸುಲಭ ದಾರಿ

ಇದು ಗೊತ್ತಾದ ಮೇಲೆ ಪ್ರತಿ ಕವಿತೆಗೂ ಕಥೆಗೂ ಒಂದೇ ಪ್ರಶ್ನೆ ಕೇಳಲು ಶುರು ಮಾಡಿದೆ: ಇಲ್ಲಿ ನಡೆಯುತ್ತಿರುವುದು ಯಾರ ಕಟ್ಟಳೆ?

'ಎ ರೆಡ್ ಗರ್ಲ್ಸ್ ರೀಸನಿಂಗ್' ಕಥೆಗೆ (1893) ಕೇಳಿ ನೋಡಿ. ಕ್ರಿಸ್ಟೀನ್‌ಳ ಅಪ್ಪ ಬಿಳಿಯ, ಅಮ್ಮ ಮೂಲನಿವಾಸಿ. ಒಂದು ಪಾರ್ಟಿಯಲ್ಲಿ, ನನ್ನ ಅಪ್ಪ ಅಮ್ಮನಿಗೆ ಪಾದ್ರಿ ಮದುವೆ ಮಾಡಿಸಿರಲಿಲ್ಲ, ನಮ್ಮ ಜನರ ಪದ್ಧತಿಯಲ್ಲೇ ಆಗಿದ್ದರು ಅಂತ ಸಹಜವಾಗಿ ಹೇಳುತ್ತಾಳೆ. ಬಿಳಿಯ ಗಂಡನಿಗೆ ಮಾನ ಹೋದ ಹಾಗೆ ಆಗುತ್ತದೆ. ಆಗ ಅವಳು ತಿರುಗಿಸಿ ಕೇಳುವುದು: ನಮ್ಮ ಪದ್ಧತಿ ನಿನಗೆ ಮದುವೆಯಲ್ಲ ಅಂದರೆ, ನಿನ್ನ ಚರ್ಚಿನ ಮದುವೆಯನ್ನು ನಾನ್ಯಾಕೆ ಮದುವೆ ಅನ್ನಬೇಕು? ಮನೆ ಬಿಟ್ಟು ಹೋಗುತ್ತಾಳೆ. ಗಂಡ ಹುಡುಕಿಕೊಂಡು ಬಂದು ಬೇಡಿದರೂ ವಾಪಸ್ ಬರುವುದಿಲ್ಲ. ಬರುತ್ತಾಳೆ ಅಂದುಕೊಂಡೇ ನಾನು ಪುಟ ತಿರುಗಿಸಿದ್ದೆ.

ಇದಕ್ಕೆ ಒಂದು ವರ್ಷ ಮುಂಚೆ, 1892ರಲ್ಲಿ, ಆಕೆ ಟೊರಾಂಟೊ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದಳು. ಬಿಳಿಯರ ಕಾದಂಬರಿಗಳಲ್ಲಿ ಬರುವ ಇಂಡಿಯನ್ ಹುಡುಗಿಗೆ ಮನೆತನದ ಹೆಸರೇ ಇರುವುದಿಲ್ಲ, ಬಿಳಿ ನಾಯಕನಿಗೆ ಮನಸೋತು ಕೊನೆಗೆ ಸಾಯುತ್ತಾಳೆ ಅಂತ ಚೆನ್ನಾಗಿ ಜಾಡಿಸಿದ್ದಾಳೆ. ಕ್ರಿಸ್ಟೀನ್ ಸಾಯುವುದಿಲ್ಲ. ಎರಡನ್ನೂ ಜೊತೆಗಿಟ್ಟು ಓದಿ.

'ದಿ ಕ್ಯಾಟಲ್ ಥೀಫ್' ಕವಿತೆಗೂ ಈ ಪ್ರಶ್ನೆ ಕೂರುತ್ತದೆ. ದನ ಕದ್ದ ಅಂತ ಕ್ರೀ ಅನ್ನುವ ಮೂಲನಿವಾಸಿ ಜನರ ಒಬ್ಬ ಮುದಿ ಮುಖ್ಯಸ್ಥನನ್ನು ಬಿಳಿಯರು ಕೊಂದಿದ್ದಾರೆ. ಹೆಣದ ಮುಂದೆ ನಿಂತ ಮಗಳು, ನಮ್ಮ ನೆಲ, ನಮ್ಮ ಬೇಟೆ ತೆಗೆದುಕೊಂಡವರು ಯಾರು ಅಂತ ಕೇಳುತ್ತಾಳೆ. 'ಒಜಿಸ್ಟೋ' ಕವಿತೆಗೆ ಮಾತ್ರ ಈ ಕೀಲಿ ಸೇರಲಿಲ್ಲ. ಅದನ್ನು ಕುದುರೆ ಓಟದ ಲಯಕ್ಕೇ ಓದಿಕೊಂಡೆ.

ಒಂದೇ ಕವಿತೆ, ಎರಡು ಕೊನೆ

'ಎ ಕ್ರೈ ಫ್ರಮ್ ಆ್ಯನ್ ಇಂಡಿಯನ್ ವೈಫ್' 1885ರದ್ದು. ಆ ವರ್ಷ ಪಶ್ಚಿಮ ಕೆನಡಾದಲ್ಲಿ ಮೇಟಿ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದವರು) ಮತ್ತು ಕ್ರೀ ಜನ ಸರ್ಕಾರದ ವಿರುದ್ಧ ಎದ್ದಿದ್ದರು. ಹೆಂಡತಿ ಗಂಡನನ್ನು ಯುದ್ಧಕ್ಕೆ ಕಳಿಸುತ್ತಿದ್ದಾಳೆ. ಹೋಗು ಅನ್ನುತ್ತಾಳೆ, ಬೇಡ ಅನ್ನುತ್ತಾಳೆ, ಆ ಕಡೆಯ ಸೈನಿಕರ ತಾಯಂದಿರೂ ಅಳುತ್ತಾರಲ್ಲ ಅನ್ನುತ್ತಾಳೆ, ಮತ್ತೆ ಹೋಗು ಅನ್ನುತ್ತಾಳೆ. ಪೆನ್ಸಿಲ್‌ನಲ್ಲಿ 'ಹೋಗು', 'ಬೇಡ' ಅಂತ ಅಂಚಿನಲ್ಲಿ ಗುರುತು ಹಾಕುತ್ತಾ ಹೋದರೆ ಕವಿತೆಯ ಕಟ್ಟು ತಾನಾಗಿ ಕಾಣುತ್ತದೆ.

ಕೊನೆ ಸಾಲಿನ ಬಗ್ಗೆ ನಾನೂ ಗೆಳತಿಯೂ ಜಗಳ ಆಡಿದೆವು. ಅವಳ ಪ್ರತಿಯಲ್ಲಿ ದೇವರೂ ಚೆಲುವ ಕೆನಡಾವೂ ಹೀಗೆ ಬಯಸಿದರು ಅನ್ನುವ ಅರ್ಥ. ನನ್ನದರಲ್ಲಿ, ಬಹುಶಃ ಬಿಳಿಯರ ದೇವರು ಹೀಗೆ ಬಯಸಿರಬೇಕು ಅಂತ. ಇಬ್ಬರದ್ದೂ ಸರಿಯೇ. ಅವಳದ್ದು ಪತ್ರಿಕೆಯಲ್ಲಿ ಮೊದಲು ಬಂದ ರೂಪ, ನನ್ನದು ಆಕೆ ತಿದ್ದಿದ್ದು, 1895ರಲ್ಲಿ ಲಂಡನ್‌ನಲ್ಲಿ ಅಚ್ಚಾದ 'ದಿ ವೈಟ್ ವಾಂಪಮ್' ಸಂಕಲನದ್ದು. ಆ 'ಬಹುಶಃ' ನೋಡಿ. ಮೊದಲು ಎಲ್ಲರ ದೇವರಾಗಿದ್ದವನು ಬರೀ ಬಿಳಿಯರ ದೇವರಾದ, ಅವನ ಮೇಲೂ ಅನುಮಾನ ಬಂತು. ಕವಿತೆಯ ಯಾವ ರೂಪ ಓದುತ್ತಿದ್ದೀರಿ ಅಂತ ಉತ್ತರದಲ್ಲಿ ತಪ್ಪದೆ ಬರೆಯಿರಿ.

ವೇಷದ ಬಗ್ಗೆ ಎರಡು ಸಾಲು: ಕಾರ್ಯಕ್ರಮದ ಒಂದು ಭಾಗಕ್ಕೆ ಜಿಂಕೆ ಚರ್ಮದ ಉಡುಪು, ಇನ್ನೊಂದಕ್ಕೆ ಇಂಗ್ಲಿಷ್ ಗೌನ್. ಆ ಚರ್ಮದ ಉಡುಪು ಮೊಹಾಕ್ ಹೆಂಗಸರ ಸಾಂಪ್ರದಾಯಿಕ ಉಡುಪು ಅಂತ ಬರೆಯಬೇಡಿ. ಅಲ್ಲಿಂದ ಇಲ್ಲಿಂದ ತರಿಸಿ ವೇದಿಕೆಗಾಗಿ ಜೋಡಿಸಿದ್ದು ಅದು.

ವ್ಯಾಂಕೂವರ್ ಕಥೆಗಳು, ನನ್ನ ಕೆಂಪು ಗೆರೆ

ಅಸೈನ್‌ಮೆಂಟ್‌ನಲ್ಲಿ 'ಲೆಜೆಂಡ್ಸ್ ಆಫ್ ವ್ಯಾಂಕೂವರ್' (1911) ಮೊಹಾಕ್ ಜನಪದ ಕಥೆಗಳ ಸಂಗ್ರಹ ಅಂತ ಬರೆದಿದ್ದೆ. ಕೆಂಪು ಗೆರೆ ಬಿತ್ತು. ಅವು ಸ್ಕ್ವಾಮಿಶ್ ಜನರ ಕಥೆಗಳು, ದೇಶದ ಇನ್ನೊಂದು ತುದಿಯವು. ಹೆಚ್ಚಿನವನ್ನು ಹೇಳಿದವನು ಅವರ ಮುಖ್ಯಸ್ಥ ಜೋ ಕ್ಯಾಪಿಲಾನೊ. 1906ರಲ್ಲಿ ಇಬ್ಬರೂ ಲಂಡನ್‌ನಲ್ಲಿ ಭೇಟಿಯಾಗಿದ್ದರು, ಅವನು ದೊರೆಗೆ ಅಹವಾಲು ಕೊಡಲು ಹೋಗಿದ್ದ. ಪುಸ್ತಕದ ಹೆಸರಲ್ಲಿ ಕ್ಯಾಪಿಲಾನೊ ಇರಬೇಕು ಅಂತ ಪಾಲಿನ್ ಬಯಸಿದ್ದಳು, ಹಾಗಾಗಲಿಲ್ಲ. ಇಲ್ಲಿ ಆಕೆ ಕೇಳುವವಳು, ಹೊರಗಿನವಳು. ಈ ಪುಸ್ತಕದ ಸೊಗಸೂ ಅದೇ ಅನ್ನಿಸಿತು ನನಗೆ. ಮುದುಕ ಮಾತು ನಿಲ್ಲಿಸಿದರೆ ಈಕೆಯೂ ಸುಮ್ಮನಿರುತ್ತಾಳೆ.

'ದಿ ಟೂ ಸಿಸ್ಟರ್ಸ್' ಮೊದಲು ಓದಿ. ಹೆಣ್ಣುಮಕ್ಕಳು ದೊಡ್ಡವರಾದಾಗ ಅಪ್ಪ ಊರಿಗೆಲ್ಲ ಊಟ ಹಾಕುತ್ತಾನೆ. ನಮಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ, ಆರತಿ ಶಾಸ್ತ್ರ ನೋಡಿದವರೇ ನಾವು. ಏನು ಬೇಕು ಕೇಳಿ ಅಂದಾಗ ಇಬ್ಬರೂ ಕೇಳುವುದು, ನಾವು ಯುದ್ಧ ಮಾಡುತ್ತಿರುವ ಬಡಗಣ ಜನರನ್ನೂ ಊಟಕ್ಕೆ ಕರೆ ಅಂತ. ಅವರು ಹೆಂಡತಿ ಮಕ್ಕಳ ಸಮೇತ ದೋಣಿಗಳಲ್ಲಿ ಬರುತ್ತಾರೆ, ಯುದ್ಧ ನಿಲ್ಲುತ್ತದೆ. ಆ ಅಕ್ಕತಂಗಿಯರೇ ಎರಡು ಶಿಖರಗಳಾಗಿ ನಿಂತರು. ಬಿಳಿಯರು ಅದಕ್ಕೆ 'ದಿ ಲಯನ್ಸ್' ಅಂತ ಹೆಸರಿಟ್ಟರು. ನಕ್ಷೆಯಲ್ಲಿ ಹುಡುಕುವಾಗ ಆ ಹೆಸರೇ ಹಾಕಿ, ಬೇಗ ಸಿಗುತ್ತದೆ.