ಸೆಲ್ಫ್ ಟಕ್ ಅನ್ನುತ್ತದೆ, ಇಂಜಿನ್ ತಿರುಗಲ್ಲ: ವೋಲ್ಟೇಜ್ ಡ್ರಾಪ್ ಟೆಸ್ಟ್ ಟಿಪ್ಪಣಿ

ಟ್ರ್ಯಾಕ್ಟರ್ ಸೆಲ್ಫ್ ಹೊಡೆದಾಗ ಟಕ್ ಅಂತ ಸದ್ದು ಬಂದು ಇಂಜಿನ್ ತಿರುಗದಿದ್ದರೆ ಊರಲ್ಲಿ ಎಲ್ಲರೂ ಹೇಳುವುದು ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ. ಸಾವಿರಾರು ರೂಪಾಯಿ ಕೊಟ್ಟು ಹೊಸದು ತಂದರೂ ಕೆಲವು ಸಲ ಅದೇ ಟಕ್. ಯಾಕೆಂದರೆ ಬ್ಯಾಟರಿ ಮೊದಲೂ ಚೆನ್ನಾಗಿಯೇ ಇತ್ತು, ತೊಂದರೆ ಇದ್ದದ್ದು ಕರೆಂಟ್ ಹೋಗಿ ಬರುವ ದಾರಿಯಲ್ಲಿ. ಆ ದಾರಿಯಲ್ಲಿ ಎಲ್ಲಿ ಅಡ್ಡಿ ಇದೆ ಅಂತ ಏನನ್ನೂ ಬಿಚ್ಚದೆ ಹೇಳುವುದೇ ವೋಲ್ಟೇಜ್ ಡ್ರಾಪ್ ಟೆಸ್ಟ್. ಮೆಕ್ಯಾನಿಕ್ ಕೆಲಸ ಕಲಿಯುವಾಗ ನನ್ನ ತಲೆ ಜಾಸ್ತಿ ತಿಂದದ್ದು ಇದೇ. ಈಗಷ್ಟೇ ಸ್ಪಷ್ಟವಾಗಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ 12 ವೋಲ್ಟ್ ಗಾಡಿಗೆ. ದೊಡ್ಡ ಲಾರಿ, ಎಕ್ಸ್‌ಕವೇಟರ್‌ಗಳಲ್ಲಿ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಸೇರಿ 24 ವೋಲ್ಟ್ ಇರುತ್ತದೆ, ಅಲ್ಲೂ ಟೆಸ್ಟ್ ಮಾಡುವ ರೀತಿ ಇದೇ.

ಮೊದಲು ಬ್ಯಾಟರಿ, ಬೇಗ ಮುಗಿಸೋಣ

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್ ರೇಂಜಿಗೆ ಇಡಿ. ಗಾಡಿ ಕೆಲವು ಗಂಟೆ ನಿಂತಿರಬೇಕು. ಈಗಷ್ಟೇ ಚಾರ್ಜ್ ಆದ ಬ್ಯಾಟರಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಒಳಗೆ ಆರು ಸೆಲ್, ಒಂದೊಂದಕ್ಕೆ ಸುಮಾರು 2.1 ವೋಲ್ಟ್, ಹಾಗಾಗಿ ಫುಲ್ ಚಾರ್ಜ್ ಅಂದರೆ 12.6. 12.2 ಬಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಟೆಸ್ಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೇಲೆಯೇ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇದ್ದರೆ ಡೈನಮೋ ಚಾರ್ಜ್ ಮಾಡುತ್ತಿದೆ ಅಂತ ಲೆಕ್ಕ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ.

ಮೀಟರ್ ಹೇಳುವುದು ಎರಡು ತುದಿಗಳ ವ್ಯತ್ಯಾಸ

ಇಲ್ಲಿ ಸ್ವಲ್ಪ ನಿಲ್ಲಬೇಕು. ವೋಲ್ಟ್ ನೋಡುವುದು ಅಂದರೆ ಮೀಟರಿನ ಕಪ್ಪು ಪ್ರೋಬ್ (ಮುಟ್ಟಿಸುವ ಕಡ್ಡಿ) ಗಾಡಿಯ ಬಾಡಿಗೆ, ಕೆಂಪು ಪ್ರೋಬ್ ವೈರಿಗೆ ಅಂತ ಅಭ್ಯಾಸ ಆಗಿರುತ್ತದೆ, ಅಲ್ವಾ? ಹಾಗಾಗಿ 12 ಬಂದರೆ ಒಳ್ಳೆಯದು, 0 ಬಂದರೆ ಕೆಟ್ಟದ್ದು ಅನ್ನುವುದು ತಲೆಯಲ್ಲಿ ಕೂತುಬಿಡುತ್ತದೆ. ಡ್ರಾಪ್ ಟೆಸ್ಟಿನಲ್ಲಿ ಇದು ಪೂರ್ತಿ ಉಲ್ಟಾ. ಒಂದೇ ವೈರಿನ ಎರಡು ತುದಿಗೆ ಎರಡು ಪ್ರೋಬ್ ಇಡುತ್ತೇವೆ. ಕರೆಂಟ್ ಹರಿಯುವಾಗ 0 ಹತ್ತಿರ ಬಂದರೆ ಆ ವೈರ್ ಚೆನ್ನಾಗಿದೆ. 12 ಬಂದರೆ ಅದು ನಡುವೆ ಎಲ್ಲೋ ಕಡಿದಿದೆ.

ಒಂದು ಸ್ವಿಚ್, ಒಂದು ಬಲ್ಬ್ ಇಟ್ಟುಕೊಂಡು ನೋಡಿ. ಸ್ವಿಚ್ ಆಫ್ ಇದೆ. ಸ್ವಿಚ್ಚಿನ ಎರಡು ಟರ್ಮಿನಲ್‌ಗಳಿಗೆ ಎರಡು ಪ್ರೋಬ್ ಇಟ್ಟರೆ 12.6 ತೋರಿಸುತ್ತದೆ. ಬಲ್ಬಿನ ಎರಡು ಕಡೆ ಇಟ್ಟರೆ 0. ಕರೆಂಟ್ ಹರಿಯುತ್ತಲೇ ಇಲ್ಲ, ಆದರೂ ಸ್ವಿಚ್ ಮೇಲೆ 12.6 ಹೇಗೆ? ಸ್ವಿಚ್ಚಿನ ಒಂದು ಕಡೆ ಬ್ಯಾಟರಿ ಪಾಸಿಟಿವ್‌ಗೆ ಸೇರಿದೆ. ಇನ್ನೊಂದು ಕಡೆ ಬಲ್ಬಿನ ಫಿಲಮೆಂಟ್ ಮೂಲಕ ಬಾಡಿಗೆ ಸೇರಿದೆ, ಬಾಡಿ ಬ್ಯಾಟರಿ ನೆಗೆಟಿವ್‌ಗೆ ಸೇರಿದೆ. ಕರೆಂಟ್ ಇಲ್ಲದಾಗ ಫಿಲಮೆಂಟಿನಲ್ಲಿ ವೋಲ್ಟೇಜ್ ಬೀಳುವುದಿಲ್ಲ, ಹಾಗಾಗಿ ಆ ಟರ್ಮಿನಲ್ ಬಾಡಿಯ ಮಟ್ಟದಲ್ಲೇ ಇರುತ್ತದೆ. ಅಂದರೆ ಸುಮ್ನೆ ಬ್ಯಾಟರಿಯ ಎರಡು ತುದಿಯನ್ನು ಮುಟ್ಟಿದ ಹಾಗೇ ಆಯಿತು.

ಈಗ ಸ್ವಿಚ್ ಆನ್ ಮಾಡಿ. ಸ್ವಿಚ್ ಮೇಲೆ 0.05 ಥರ ಏನೋ ಬರುತ್ತದೆ, ಬಲ್ಬ್ ಮೇಲೆ 12ಕ್ಕೂ ಮೇಲೆ. ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೆ ಸ್ವಿಚ್ ಮೇಲೆ 3, ಬಲ್ಬ್ ಮೇಲೆ 9 ಚಿಲ್ಲರೆ ಬರಬಹುದು, ಲೈಟ್ ಮಂಕಾಗಿ ಉರಿಯುತ್ತದೆ. ಬಲ್ಬೇ ಸುಟ್ಟಿದ್ದರೆ? ಸ್ವಿಚ್ ಆನ್ ಇದ್ದಾಗ ಬಲ್ಬ್ ಮೇಲೆ ಪೂರ್ತಿ 12.6 ಇರುತ್ತದೆ, ಉರಿಯುವುದಿಲ್ಲ. ಬ್ಯಾಟರಿಯ ವೋಲ್ಟೇಜ್ ಎಲ್ಲೆಲ್ಲಿ ಎಷ್ಟೆಷ್ಟು ಬಿದ್ದಿದೆ ಅಂತ ಕೂಡಿದರೆ ಬ್ಯಾಟರಿಯ ವೋಲ್ಟೇಜೇ ಬರಬೇಕು. ಈ ಕೂಡುವ ಲೆಕ್ಕ ಕೈಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇದರಿಂದ ನನಗೆ ಇಷ್ಟವಾದ ಒಂದು ಶಾರ್ಟ್‌ಕಟ್ ಸಿಕ್ಕಿತು. ಆಫ್ ಇರುವ ಸ್ವಿಚ್ಚಿನ ಮೇಲೆ 12.6 ಬಂದರೆ ಫ್ಯೂಸ್, ಬಲ್ಬ್, ಅರ್ತಿಂಗ್ (ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಮರಳುವ ದಾರಿ) ಎಲ್ಲವೂ ಸೇರಿಕೊಂಡಿವೆ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತದೆ. 0 ಬಂದರೆ ಎಲ್ಲೋ ಒಂದು ಕಡೆ ತುಂಡಾಗಿದೆ. ಆದರೆ ಸೇರಿಕೊಂಡಿವೆ ಅನ್ನುವುದಷ್ಟೇ ಇದರಿಂದ ಗೊತ್ತಾಗುವುದು. ಗಟ್ಟಿಯಾಗಿ ಸೇರಿವೆಯಾ ಅನ್ನುವುದು ಗೊತ್ತಾಗಲ್ಲ.

ಲೋಡ್ (ಕರೆಂಟ್ ಎಳೆಯುವ ವಸ್ತು) ಇಲ್ಲದೆ ನೋಡಿದರೆ ಮೀಟರ್ ನಂಬಿಸಿಬಿಡುತ್ತದೆ

ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದು 10,000 ಓಮ್ ಅಡ್ಡಿ ಆಗಿದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಮೀಟರ್ ಆಗಲೂ 12.59 ತೋರಿಸುತ್ತದೆ! ಆ ವೈರಿನಲ್ಲಿ ಒಂದು ಇಂಡಿಕೇಟರ್ ಬಲ್ಬ್ ಕೂಡ ಉರಿಯುವುದಿಲ್ಲ. ಡ್ರಿಪ್ ಪೈಪಿನ ಹಾಗೆ ಇದು: ಕೊನೆಯ ವಾಲ್ವ್ ಮುಚ್ಚಿದ್ದರೆ ನಡುವೆ ಕಸ ಕಟ್ಟಿದ್ದರೂ ಎಲ್ಲ ಕಡೆ ಪ್ರೆಷರ್ ಒಂದೇ, ವಾಲ್ವ್ ತೆರೆದು ನೀರು ಓಡಿದಾಗಲೇ ಕಸದ ಆಚೆ ಪ್ರೆಷರ್ ಬೀಳುವುದು. ಅದಕ್ಕೇ ಹಳೆಯ ಮೆಕ್ಯಾನಿಕ್‌ಗಳು ಬಲ್ಬ್ ಹಾಕಿ ನೋಡುವುದು. 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪ್ ಎಳೆಯುತ್ತದೆ, ಕಿಲುಬಿನ ಬಣ್ಣ ಬಯಲಾಗುತ್ತದೆ. ಆದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸರ್ ವೈರಿಗೆ ಆ ಬಲ್ಬ್ ತಾಗಿಸಬೇಡಿ. ಅಷ್ಟು ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಅಲ್ಲಿ ಮೀಟರೇ ಸರಿ.

ಹಾಗಾದರೆ ಕೇಬಲ್ಲಿನ ಓಮ್ ನೋಡಿದರೆ ಸಾಲದಾ? ಸಾಲದು. ಸೆಲ್ಫ್ ಮೋಟರ್ 200 ಆಂಪ್ ಎಳೆಯುವಾಗ 0.005 ಓಮ್ ಅಡ್ಡಿ ಇದ್ದರೂ 1 ವೋಲ್ಟ್ ಹೋಯಿತು. ಸಾಮಾನ್ಯ ಮೀಟರಿನ ಪ್ರೋಬ್ ವೈರುಗಳದ್ದೇ 0.2 ಓಮ್ ಆಸುಪಾಸು ಇರುತ್ತದೆ, ಅದು 0.005 ಅನ್ನು ಎಲ್ಲಿಂದ ಹಿಡಿಯುತ್ತದೆ? ಕಂಟಿನ್ಯೂಟಿ ಬೀಪ್ (ವೈರ್ ತುಂಡಾಗಿಲ್ಲ ಅಂತ ಮೀಟರ್ ಕೊಡುವ ಸದ್ದು) ಅಂತೂ ಇಲ್ಲಿ ಯಾವ ಉಪಯೋಗಕ್ಕೂ ಬರಲ್ಲ. ಕೇಬಲ್ಲಿನ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ.

ಸೆಲ್ಫ್ ಸರ್ಕ್ಯೂಟಿನಲ್ಲಿ ಮಾಡುವ ರೀತಿ

ಗೇರ್ ನ್ಯೂಟ್ರಲ್, ಬ್ರೇಕ್ ಲಾಕ್. ಡೀಸೆಲ್ ಸ್ಟಾಪ್ ನಾಬ್ ಎಳೆದಿಡಿ, ಆಗ ಇಂಜಿನ್ ಸ್ಟಾರ್ಟ್ ಆಗದೆ ಸುಮ್ನೆ ತಿರುಗುತ್ತದೆ. ಒಬ್ಬರು ಸೆಲ್ಫ್ ಹೊಡೆಯಲಿ, ಒಬ್ಬರು ಮೀಟರ್ ನೋಡಲಿ. ಒಂದು ಸಲಕ್ಕೆ ನಾಲ್ಕೈದು ಸೆಕೆಂಡ್ ಸಾಕು, ಮೋಟರಿಗೆ ನಡುವೆ ಬಿಡುವು ಕೊಡಿ.

ಉದಾಹರಣೆಗೆ ಒಂದು ಲೆಕ್ಕ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆ 10.8. ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೂ ಅದರ ಬಾಡಿಗೂ ನಡುವೆ 8.9. ನಡುವೆ 1.9 ವೋಲ್ಟ್ ಎಲ್ಲೋ ಸೋರಿದೆ. ಕೆಂಪು ಪ್ರೋಬ್ ಬ್ಯಾಟರಿ ಪಾಸಿಟಿವ್ ಮೇಲೆ, ಕಪ್ಪು ಪ್ರೋಬ್ ಸೆಲ್ಫಿನ ಆ ದಪ್ಪ ಬೋಲ್ಟಿನ ಮೇಲೆ ಇಟ್ಟು ಹೊಡೆದರೆ 0.3. ಈ ಕಡೆ 0.5ರವರೆಗೆ ಬಿಡಬಹುದು. ಆಮೇಲೆ ಕೆಂಪು ಪ್ರೋಬ್ ಸೆಲ್ಫಿನ ಬಾಡಿಗೆ, ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ: 1.6! ಅರ್ತಿಂಗ್ ಕಡೆ 0.2 ದಾಟಬಾರದು. ಕಳ್ಳ ಸಿಕ್ಕಿದ. 0.3 ಮತ್ತು 1.6 ಕೂಡಿದರೆ 1.9, ಲೆಕ್ಕ ತಾಳೆಯಾಯಿತು. ಇನ್ನು ಕೆಂಪು ಪ್ರೋಬನ್ನು ಒಂದೊಂದೇ ಜಾಯಿಂಟ್ ದಾಟಿಸುತ್ತಾ ಬ್ಯಾಟರಿ ಕಡೆಗೆ ಬನ್ನಿ. ಯಾವ ಜಾಯಿಂಟ್ ದಾಟಿದಾಗ ಅಂಕಿ ದಿಢೀರನೆ ಇಳಿಯುತ್ತದೋ ತೊಂದರೆ ಅಲ್ಲೇ. ಕೇಬಲ್ ಲಗ್ (ತುದಿಯ ಲೋಹದ ಬಳೆ) ಬಾಡಿಗೆ ಬೋಲ್ಟ್ ಆಗುವ ಜಾಗವನ್ನು ಮೊದಲು ನೋಡಿ. ಪೇಂಟ್ ಮೇಲೆಯೇ ಲಗ್ ಕೂರಿಸಿರುತ್ತಾರೆ, ಕೆಳಗೆ ತುಕ್ಕು, ಮೇಲೆ ಗ್ರೀಸಿಗೆ ಅಂಟಿದ ಕೆಂಪು ಮಣ್ಣು.

ಒಂದು ಸೂಕ್ಷ್ಮ: ಪ್ರೋಬನ್ನು ಬ್ಯಾಟರಿಯ ಸೀಸದ ಕಂಬದ ನಡುವೆಯೇ ಒತ್ತಿ. ಕ್ಲಾಂಪ್ ಮೇಲೆ ಇಟ್ಟರೆ ಕಂಬಕ್ಕೂ ಕ್ಲಾಂಪಿಗೂ ನಡುವಿನ ತೊಂದರೆ ಲೆಕ್ಕಕ್ಕೇ ಬರಲ್ಲ. ಒಂದು ಪ್ರೋಬ್ ಕಂಬಕ್ಕೆ, ಇನ್ನೊಂದು ಅದೇ ಕಂಬದ ಕ್ಲಾಂಪಿಗೆ ಇಟ್ಟು ಸೆಲ್ಫ್ ಹೊಡೆದು ನೋಡಿ. ಅಲ್ಲಿ 0.1 ದಾಟಿದರೆ ಕ್ಲಾಂಪ್ ಬಿಚ್ಚಿ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೋಡೆಯಲ್ಲಿ ಬೂದು ಬಣ್ಣದ ತೆಳು ಪೊರೆ ಕಟ್ಟಿರುತ್ತದೆ, ಉಗುರಲ್ಲಿ ಕೆರೆದರೆ ಕೆಳಗೆ ಸೀಸ ಮಿನುಗುತ್ತದೆ.

ಕೀ ಹಾಕಿದರೆ ಟಕ್ ಕೂಡ ಬರದಿದ್ದರೆ ಅದು ಬೇರೆ ದಾರಿ: ಕೀಯಿಂದ ಸೆಲ್ಫಿಗೆ ಹೋಗುವ ಸಣ್ಣ ವೈರ್, ಕ್ಲಚ್ ಅಥವಾ ನ್ಯೂಟ್ರಲ್ ಸೇಫ್ಟಿ ಸ್ವಿಚ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್). ರಿಲೇಯಲ್ಲಿ 85, 86 ಕಾಯಿಲ್, 30 ಬ್ಯಾಟರಿ ಬರುವ ಕಾಲು, 87 ಹೊರಗೆ ಹೋಗುವ ಕಾಲು. ರಿಲೇ ಆನ್ ಇದ್ದಾಗ 30ಕ್ಕೂ 87ಕ್ಕೂ ನಡುವೆ ಅದೇ ಡ್ರಾಪ್ ಟೆಸ್ಟ್ ಮಾಡಿ.

ರಿಪೇರಿ

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರಲ್ಲ. ಟರ್ಮಿನಲ್ ಮೇಲಿನ ಪುಡಿಗೆ ಬಿಸಿನೀರಲ್ಲಿ ಕರಗಿಸಿದ ಅಡುಗೆ ಸೋಡಾ, ಆದರೆ ಅದು ಸೆಲ್ ಒಳಗೆ ಹೋಗಬಾರದು. ಲಗ್ ಕೂರುವ ಜಾಗವನ್ನು ಎಮರಿ ಪೇಪರಲ್ಲಿ ಲೋಹ ಕಾಣುವವರೆಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ವೈರ್ ತುಂಡಾಗಿದ್ದರೆ ತಿರುಚಿ ಟೇಪ್ ಸುತ್ತಬೇಡಿ, ಟ್ರ್ಯಾಕ್ಟರ್ ಅದುರಿಗೆ ಅದು ನಿಲ್ಲಲ್ಲ. ಸರಿಯಾದ ಅಳತೆಯ ಕ್ರಿಂಪ್ (ಒತ್ತಿ ಬಿಗಿ ಮಾಡುವ ಲೋಹದ ಕೊಳವೆ) ಹಾಕಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಅಂಟುವ ಪ್ಲಾಸ್ಟಿಕ್ ಕೊಳವೆ) ಏರಿಸಿ. ಫ್ಯೂಸ್ ಸುಟ್ಟರೆ ಅಷ್ಟೇ ಆಂಪಿನದ್ದು ಹಾಕಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಫ್ಯೂಸ್ ಜಾಗಕ್ಕೆ ತಂತಿ ಸುತ್ತಿದರೆ ಮುಂದಿನ ಸಲ ಸುಡುವುದು ವೈರಿಂಗ್.

ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಗ್ಗೆ ಡೌನ್ ಆಗಿದ್ದರೂ ಇದೇ ಟೆಸ್ಟ್ ಕೆಲಸಕ್ಕೆ ಬರುತ್ತದೆ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕಿ ಇರುತ್ತವೆ. ಕೀ ತೆಗೆದು, ಇಸಿಯು ಇರುವ ಗಾಡಿಯಾದರೆ ಅದು ಮಲಗುವವರೆಗೆ ಅರ್ಧ ಗಂಟೆ ಕಾದು, ಮೀಟರನ್ನು 200 ಮಿಲಿವೋಲ್ಟ್ ರೇಂಜಿಗೆ ತಂದು ಒಂದೊಂದು ಫ್ಯೂಸಿನ ಆ ಎರಡು ಚುಕ್ಕಿ ಮುಟ್ಟುತ್ತಾ ಹೋಗಿ. 10 ಆಂಪ್ ಫ್ಯೂಸಿನ ರೆಸಿಸ್ಟೆನ್ಸ್ ಸುಮಾರು 7-8 ಮಿಲಿಓಮ್, ಹಾಗಾಗಿ 1 ಮಿಲಿವೋಲ್ಟ್ ಕಂಡರೆ 130 ಮಿಲಿಆಂಪ್ ಆಸುಪಾಸು ಹರಿಯುತ್ತಿದೆ. ಗಾಡಿಗೆಲ್ಲ ಸೇರಿ 50 ಮಿಲಿಆಂಪ್ ಒಳಗಿರಬೇಕಾದ ಕಡೆ ಅದು ಜಾಸ್ತಿಯೇ. ಫ್ಯೂಸ್ ಕಿತ್ತು ನೋಡಬೇಡಿ. ಕಿತ್ತು ಹಾಕಿದರೆ ಮಲಗಿದ್ದ ಇಸಿಯು ಮತ್ತೆ ಎದ್ದು ಕರೆಂಟ್ ಎಳೆಯುತ್ತದೆ, ಇನ್ನೊಂದು ಅರ್ಧ ಗಂಟೆ ಕಾಯಬೇಕಾಗುತ್ತದೆ.