ಎಂಬಿಬಿಎಸ್ ಇಲ್ಲದೆ ಅನಾಟಮಿ, ಫಿಸಿಯಾಲಜಿ ಓದಿದರೆ ಕೆಲಸ ಸಿಗುತ್ತಾ?

ಪ್ರಶ್ನೆ: ನೀಟ್ ಎರಡು ಸಲ ಬರೆದೆ, ಸೀಟು ಸಿಗಲಿಲ್ಲ. ಈಗ ಬಿಎಸ್ಸಿ ಮುಗಿದಿದೆ. ಮೆಡಿಕಲ್ ಕಾಲೇಜಿನಲ್ಲೇ ಅನಾಟಮಿ ಅಥವಾ ಫಿಸಿಯಾಲಜಿಯಲ್ಲಿ ಎಂಎಸ್ಸಿ ಮಾಡಬಹುದಂತೆ. ಮಾಡಲಾ?

ಉತ್ತರ: ಮಾಡಬಹುದು. ಆದರೆ ಇದು ಡಾಕ್ಟರ್ ಆಗುವ ಹಿಂಬಾಗಿಲಲ್ಲ. ರೋಗಿಗೆ ಔಷಧಿ ಚೀಟಿ ಬರೆಯುವ ಹಕ್ಕು ಇದರಿಂದ ಬರುವುದಿಲ್ಲ. ಆ ಆಸೆ ಇನ್ನೂ ಮನಸ್ಸಿನಲ್ಲಿದ್ದರೆ ಓದಿನ ದಿನಗಳು ಕಹಿಯಾಗುತ್ತವೆ. ದಿನಾ ಎಂಬಿಬಿಎಸ್ ಹುಡುಗರ ನಡುವೆಯೇ ಓಡಾಡಬೇಕಲ್ವಾ?

ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಂಥ ಕಡೆ ಈ ಮೆಡಿಕಲ್ ಎಂಎಸ್ಸಿ 3 ವರ್ಷದ್ದು. ದೆಹಲಿಯ ಏಮ್ಸ್‌ನಲ್ಲಿ 2 ವರ್ಷ, ಆದರೆ ಪ್ರವೇಶ ಪರೀಕ್ಷೆ ದಾಟಬೇಕು, ಸೀಟುಗಳೂ ಬೆರಳೆಣಿಕೆಯಷ್ಟು.

ಎರಡು ವಿಷಯಗಳ ಸ್ವಭಾವವೇ ಬೇರೆ. ಅನಾಟಮಿ ದೇಹರಚನೆಯ ಓದು. ಅಂದರೆ ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್, ಶವ ಕೆಡದಂತೆ ಹಾಕುವ, ಕಣ್ಣು ಉರಿಸುವ ಫಾರ್ಮಲಿನ್. ಅಷ್ಟೇ ಅಲ್ಲ. ಅಂಗಾಂಶದ ತುಂಡನ್ನು ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಸುಮಾರು 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಸ್ಲೈಡ್ ಮಾಡಬೇಕು. ಮೊದಮೊದಲು ಆ ಎಳೆ ಹರಿಯುತ್ತದೆ, ಮುದುರುತ್ತದೆ. ಕೈ ಕೂರಲು ತಿಂಗಳುಗಳೇ ಬೇಕು. ನನ್ನ ಪ್ರಕಾರ ಇಡೀ ಕೋರ್ಸಿನಲ್ಲಿ ಬೆಲೆಬಾಳುವ ಕಲಿಕೆ ಇದೇ.

ಫಿಸಿಯಾಲಜಿಯಲ್ಲಿ ಜೀವಂತ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಲೆಕ್ಕ. ಹಿಂದೆ ಕಪ್ಪೆಯ ಮೇಲೆ ಮಾಡುತ್ತಿದ್ದ ಪ್ರಯೋಗಗಳು ಈಗ ಹೆಚ್ಚಾಗಿ ಕಂಪ್ಯೂಟರಿಗೆ ಹೋಗಿವೆ. ಸಹಪಾಠಿಯನ್ನೇ ಮಲಗಿಸಿ ಇಸಿಜಿ ತೆಗೆಯುತ್ತೀರಿ, ಉಸಿರು ಅಳೆಯುವ ಸ್ಪೈರೋಮೀಟರ್‌ಗೆ ಊದಿಸುತ್ತೀರಿ, ಕೈಯ ನರದಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 50-60 ಮೀಟರ್ ಓಡುವುದನ್ನು ಅಳೆಯುತ್ತೀರಿ.

ಇನ್ನು ಕೆಲಸ. ಎಂಎಸ್ಸಿ ಮುಗಿಸಿದವರಿಗೆ ಮೊದಲು ಕಾಣುವುದು ಮೆಡಿಕಲ್ ಕಾಲೇಜಿನ ಟ್ಯೂಟರ್ (ಕೆಳಹಂತದ ಬೋಧಕ) ಹುದ್ದೆ. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಬೇಕು. ಈ ದಾರಿಯಲ್ಲಿ ನಿಯಮ ಆಗಾಗ ಬದಲಾಗುತ್ತದೆ. ಅನಾಟಮಿ, ಫಿಸಿಯಾಲಜಿ ವಿಭಾಗಗಳಲ್ಲಿ ವೈದ್ಯರಲ್ಲದ ಬೋಧಕರಿಗೆ ಹಿಂದೆ ಶೇ. 30ರವರೆಗೆ ಜಾಗವಿತ್ತು. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಶೇ. 15ಕ್ಕೆ ಇಳಿಸಿತು. ಆಗ ಓದುತ್ತಿದ್ದವರ ಪಾಡು ಊಹಿಸಿಕೊಳ್ಳಿ. ಅಲ್ಲಿಂದ ಮುಂದೆಯೂ ತಿದ್ದುಪಡಿ ಬಂದಿವೆ. ಸೇರುವ ವರ್ಷದ ನಿಯಮವನ್ನು ಆಯೋಗದ ವೆಬ್‌ಸೈಟಿನಲ್ಲೇ ಓದಿ. ಏಜೆಂಟರ ಮಾತು ಬೇಡ.

ಹಾಗಾಗಿ ಪಾಠ ಹೇಳುವ ಕೆಲಸವೊಂದನ್ನೇ ನಂಬಿ ಸೇರಬೇಡಿ. ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯ ಜೀವವಿಜ್ಞಾನ ವಿಷಯದಲ್ಲಿ ಫೆಲೋಶಿಪ್ ಸಿಕ್ಕರೆ ಸಂಶೋಧನೆಗೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋಫಿಸಿಯಾಲಜಿ (ಮೆದುಳು, ನರಗಳ ಕೆಲಸದ ಅಧ್ಯಯನ) ವಿಭಾಗದಲ್ಲೂ ಪಿಎಚ್‌ಡಿ ಇದೆ. ಕ್ಲಿನಿಕಲ್ ರಿಸರ್ಚ್, ವೈದ್ಯಕೀಯ ಉಪಕರಣಗಳ ಕಂಪನಿ, ಮೆಡಿಕಲ್ ರೈಟಿಂಗ್ ಕಡೆಗೂ ಜನ ಹೋಗುತ್ತಾರೆ. ಐವಿಎಫ್ (ಪ್ರನಾಳ ಶಿಶು) ಲ್ಯಾಬ್ ಇಷ್ಟವಾದರೆ ಮಾತ್ರ ಅನಾಟಮಿಯನ್ನು ಸುತ್ತಿ ಬರಬೇಡಿ, ನೇರವಾಗಿ ಕ್ಲಿನಿಕಲ್ ಎಂಬ್ರಿಯಾಲಜಿ (ಭ್ರೂಣಶಾಸ್ತ್ರ) ಎಂಎಸ್ಸಿ ನೋಡಿ. ಐವಿಎಫ್‌ನಂಥ ಚಿಕಿತ್ಸೆಗಳ ಬಗ್ಗೆ 2021ರ ಕಾನೂನು ಬಂದ ಮೇಲೆ ಅಲ್ಲಿ ಎಂಬ್ರಿಯಾಲಜಿಸ್ಟ್‌ಗೆ ಇಂಥದ್ದೇ ಓದು, ಇಷ್ಟು ಅನುಭವ ಬೇಕು ಅಂತ ನಿಗದಿಯಾಗಿದೆ.

ಫೀಸು ಕಟ್ಟುವ ಮುಂಚೆ ಒಂದು ದಿನ ಆ ವಿಭಾಗಕ್ಕೇ ಹೋಗಿ ಬನ್ನಿ. ಹಿಂದಿನ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಮೈಕ್ರೋಟೋಮ್ ತೋರಿಸಿ ಅನ್ನಿ. ಅದರ ಮೇಲೆ ದೂಳು ಕೂತಿದ್ದರೆ ಬೇರೆ ಕಾಲೇಜು ಹುಡುಕಿ.